ಬಾಗುವ ಎಲುಬು

ಕೈ ಮುರಿದರೆ ಪ್ಲಾಸ್ಟರ್ ಹಾಕುತ್ತಾರೆ. ಕಾಲು ಮುರಿದರೆ ರಾಡ್ ಹಾಕಿ ಮಲಗಿಸುತ್ತಾರೆ. ಪಕ್ಕೆಲುಬು ಮುರಿದರೆ ಮಾತ್ರ ನೋವಿನ ಮಾತ್ರೆ ಕೊಟ್ಟು, "ಚೆನ್ನಾಗಿ ಉಸಿರಾಡಿ" ಎಂದು ಹೇಳಿ ಮನೆಗೆ ಕಳಿಸುತ್ತಾರೆ.

ನಮ್ಮ ಮನೆಯಲ್ಲಿ ಇದನ್ನು ಯಾರೂ ನಂಬಲಿಲ್ಲ. ಅಪ್ಪ ಬಚ್ಚಲಿನಲ್ಲಿ ಜಾರಿ, ಹಂಡೆಯ ಕಟ್ಟೆಗೆ ಎಡಪಕ್ಕೆ ಬಡಿಸಿಕೊಂಡು ಬಿದ್ದಿದ್ದರು. ಊರಿನ ಮಳೆಗಾಲದಲ್ಲಿ ಬಚ್ಚಲ ಕಲ್ಲು ಪಾಚಿ ಹಿಡಿದು ಹೇಗಿರುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಎಕ್ಸ್‌ರೇಯಲ್ಲಿ ಎರಡು ಎಲುಬು ಬಿರುಕು ಬಿಟ್ಟದ್ದು ಕಂಡಿತು. "ಎಲುಬು ಮುರಿದವನನ್ನು ಹಾಗೇ ಬಿಡುವುದುಂಟಾ? ಒಂದು ಬೈರಾಸು ತೆಗೆದು ಬಿಗಿಯಾಗಿ ಕಟ್ಟಿ" ಎಂದು ದೊಡ್ಡಮ್ಮ ಪಟ್ಟು ಹಿಡಿದರು. ಅಪ್ಪನಿಗೂ ಅದೇ ಬೇಕಿತ್ತು. "ಉಸಿರು ತಕ್ಕೊಂಡ್ರೆ ಚೂರಿ ಹಾಕಿದ ಹಾಗೆ ಆಗ್ತದೆ ಮಾರಾಯ, ಕಟ್ಟಿಬಿಡಿ" ಅಂದರು.

ದೊಡ್ಡಮ್ಮ ಹೇಳಿದ್ದರಲ್ಲಿ ಹುರುಳಿಲ್ಲದೆ ಇಲ್ಲ. ಒಂದು ಕಾಲದಲ್ಲಿ ವೈದ್ಯರೇ ಎದೆಗೆ ಪಟ್ಟಿ ಬಿಗಿದು ಕಟ್ಟುತ್ತಿದ್ದರು. ಕಟ್ಟಿದರೆ ನೋವು ಕಡಿಮೆಯಾಗುತ್ತದೆ ಎನ್ನುವುದೂ ನಿಜ. ಆದರೆ ಕಟ್ಟಿದ ಎದೆ ಅಗಲವಾಗುವುದಿಲ್ಲ. ಮೇಲುಮೇಲಿನ ಉಸಿರಲ್ಲೇ ದಿನ ಕಳೆಯುತ್ತದೆ. ಶ್ವಾಸಕೋಶದ ತಳಭಾಗಕ್ಕೆ ಗಾಳಿ ಇಳಿಯುವುದಿಲ್ಲ, ಅಲ್ಲಿ ಕಫ ನಿಲ್ಲುತ್ತದೆ. ನಿಂತ ಕಫ ಕೆಲವೇ ದಿನದಲ್ಲಿ ನ್ಯುಮೋನಿಯಾ ಆಗಬಹುದು. ವಯಸ್ಸಾದವರ ಮಟ್ಟಿಗೆ ಬಿರುಕಿಗಿಂತ ಈ ನ್ಯುಮೋನಿಯಾದ್ದೇ ಜಾಸ್ತಿ ಭಯ. ಆದ್ದರಿಂದ ಈಗ ಕಟ್ಟುವುದಿಲ್ಲ. ನೋವಿನ ಮಾತ್ರೆ ಕೊಡುವುದು ಕೂಡ ಹಾಯಾಗಿ ಮಲಗಲಿ ಅಂತ ಅಲ್ಲ, ಧೈರ್ಯವಾಗಿ ಉಸಿರೆಳೆಯಲಿ, ಕೆಮ್ಮಲಿ ಅಂತ. ಹಾಗಾಗಿ ನೋವು ಸಹಿಸಿಕೊಂಡು ಮಾತ್ರೆ ಬಿಡುವ ಹಿರಿಯರಿಗೆ ದಯವಿಟ್ಟು ಇದನ್ನು ತಿಳಿಸಿ ಹೇಳಿ.

ಅಪ್ಪನಿಗೆ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಅದರ ನಳಿಗೆ ಬಾಯಿ ಹಾಕಿ ಉಸಿರು ಎಳೆದರೆ ಚೆಂಡು ಮೇಲೇಳುತ್ತದೆ. ಮೊದಲನೆಯದು ಏಳಲು ಸೆಕೆಂಡಿಗೆ 600 ಸಿಸಿ ವೇಗದಲ್ಲಿ ಗಾಳಿ ಎಳೆಯಬೇಕು, ಎರಡನೆಯದಕ್ಕೆ 900, ಮೂರನೆಯದಕ್ಕೆ 1200. ಮೊದಮೊದಲು ಮೊದಲ ಚೆಂಡೇ ಅಲುಗಾಡಿ ಕೂತುಬಿಡುತ್ತಿತ್ತು. ಕೆಮ್ಮು ಬಂದಾಗ ದಿಂಬನ್ನು ಪಕ್ಕೆಗೆ ಅವುಚಿ ಹಿಡಿದುಕೊಳ್ಳಲು ನರ್ಸ್ ಹೇಳಿಕೊಟ್ಟಿದ್ದರು. ಅದು ಬಹಳ ಉಪಯೋಗಕ್ಕೆ ಬಂತು. ಸೀನು ಬಂದರೆ ಮಾತ್ರ ಇಡೀ ಮನೆ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಮೊಮ್ಮಕ್ಕಳು ನಗಿಸುವಂತಿರಲಿಲ್ಲ. ಅಳ್ಳೆ ಹಿಡಿದುಕೊಂಡು ನಗುವುದು ಎನ್ನುತ್ತೇವಲ್ಲ, ಅಪ್ಪ ನಿಜವಾಗಿಯೂ ಹಾಗೆಯೇ ನಗಬೇಕಾಗಿತ್ತು.

ಮುರಿದ ಎಲುಬು ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಆ ಆರು ವಾರವೂ ಅದು ಅಲುಗಾಡುತ್ತಲೇ ಇರುತ್ತದೆ. ಆರೋಗ್ಯವಾಗಿರುವ ಮನುಷ್ಯ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. 14 ಎಂದೇ ಹಿಡಿದರೂ ದಿನಕ್ಕೆ 20,000 ದಾಟುತ್ತದೆ. ದಿನಕ್ಕೆ 20,000 ಸಲ ಅಲುಗುತ್ತಾ ಒಂದು ಎಲುಬು ಕೂಡಿಕೊಳ್ಳುತ್ತದೆ! ಅಪ್ಪನ ಮಂಚದ ಪಕ್ಕ ಕೂತು ಆ ಚೆಂಡುಗಳನ್ನು ನೋಡುತ್ತಿದ್ದಾಗಲೇ ಈ ಎಲುಬಿನ ಬಗ್ಗೆ ನನಗೆ ಆಸಕ್ತಿ ಹತ್ತಿದ್ದು. ಅಲ್ಲಿಂದ ಇಲ್ಲಿಯವರೆಗೆ ಓದಿದ್ದು, ಕಂಡದ್ದು, ಬೇರೆ ಬೇರೆ ಕಡೆ ಕೈಗೆ ಸಿಕ್ಕಿದ್ದು ಎಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಒಟ್ಟು 24 ಪಕ್ಕೆಲುಬು, 12 ಜೋಡಿ. ಗಂಡಸಿಗೆ ಒಂದು ಕಡಿಮೆ ಎಂಬ ನಂಬಿಕೆ ಯುರೋಪಿನಲ್ಲಿ ಬಹಳ ಕಾಲ ಇತ್ತು. ಆದಮನ ಪಕ್ಕೆಲುಬಿನಿಂದ ಹವ್ವಳನ್ನು ಮಾಡಿದ ಬೈಬಲ್ ಕತೆ ಅದರ ಮೂಲ. ಹೆಣಗಳನ್ನು ಸ್ವತಃ ಕೊಯ್ದು ನೋಡಿದ ವೆಸೇಲಿಯಸ್ ಎಂಬ ವೈದ್ಯ, ಗಂಡು ಹೆಣ್ಣು ಇಬ್ಬರಿಗೂ ಲೆಕ್ಕ ಒಂದೇ ಎಂದು 1543ರಲ್ಲೇ ಬರೆದಿದ್ದಾನೆ. ಆದರೂ ಇವತ್ತಿಗೂ ಯಾರಾದರೂ ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ.

ಮೇಲಿನ ಏಳು ಜೋಡಿ ಎದೆಯ ನಡುವಿನ ಚಪ್ಪಟೆ ಎಲುಬಿಗೆ ನೇರವಾಗಿ ಸೇರುತ್ತವೆ. ಮುಂದಿನ ಮೂರು ಜೋಡಿ ತಮ್ಮ ಮೇಲಿನದನ್ನು ಹಿಡಿದುಕೊಳ್ಳುತ್ತವೆ. ಕೊನೆಯ ಎರಡು ಜೋಡಿ ಮುಂದೆ ಯಾವುದಕ್ಕೂ ಅಂಟಿಕೊಂಡಿಲ್ಲ. ಮುಖ್ಯವಾದ ಸಂಗತಿ ಎಂದರೆ, ಎದೆಯ ಮುಂಭಾಗಕ್ಕೆ ಬರುವಾಗ ಎಲುಬು ಮುಗಿದು ಮೃದ್ವಸ್ಥಿ ಶುರುವಾಗುತ್ತದೆ. ಕಿವಿಯ ಹಾಳೆ ಮುಟ್ಟಿ ನೋಡಿದರೆ ಸಿಗುವ ಮೆತ್ತನೆಯ ಗಟ್ಟಿತನವಿದೆಯಲ್ಲ, ಆ ಜಾತಿಯದು. ಇದು ಬಾಗುತ್ತದೆ, ತಿರುಚಿಕೊಳ್ಳುತ್ತದೆ, ಮತ್ತೆ ಹಳೆಯ ಆಕಾರಕ್ಕೆ ಬರುತ್ತದೆ. ಹುಟ್ಟುವಾಗಲೇ ಕಿವಿ ಬೆಳೆದಿರದ ಮಕ್ಕಳಿಗೆ ಶಸ್ತ್ರವೈದ್ಯರು ಇದೇ ಪಕ್ಕೆಯ ಮೃದ್ವಸ್ಥಿಯನ್ನು ತೆಗೆದು, ಕೆತ್ತಿ, ಹೊಸ ಕಿವಿ ಮಾಡಿ ಕೂರಿಸುತ್ತಾರೆ.

ಉಸಿರೆಳೆಯುವಾಗ ಎದೆಯಲ್ಲಿ ನಡೆಯುವುದು ಒಂದೇ ಚಲನೆ ಎಂದುಕೊಂಡಿದ್ದೆವು, ಅಲ್ವಾ? ಎರಡಿವೆ. ಅಂಗೈಯನ್ನು ಕುತ್ತಿಗೆಯ ಬುಡದ ಕೆಳಗೆ ಇಟ್ಟು ಉಸಿರೆಳೆಯಿರಿ. ಎದೆ ಮುಂದಕ್ಕೆ, ಮೇಲಕ್ಕೆ ಬರುತ್ತದೆ. ಈಗ ಎರಡೂ ಕೈಯನ್ನು ಕೆಳಪಕ್ಕೆಗಳ ಮೇಲೆ ಇಡಿ. ಅಲ್ಲಿ ಎಲುಬುಗಳು ಬದಿಗೆ ತೆರೆದುಕೊಳ್ಳುತ್ತವೆ. ಬಕೆಟಿನ ಹಿಡಿಯನ್ನು ಎತ್ತಿದಾಗ ಅದು ಹೊರಗೆ ಹೋಗಿ ಮೇಲೆ ಬರುತ್ತದಲ್ಲ, ವೈದ್ಯರು ಈ ಚಲನೆಗೆ ಅದರದ್ದೇ ಹೆಸರಿಟ್ಟಿದ್ದಾರೆ. ಕೆಳಗೆ ವಪೆ, ಎಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಇಳಿಯುತ್ತದೆ. ಮೂರೂ ಸೇರಿ ಒಳಗೆ ಜಾಗ ಹೆಚ್ಚುತ್ತದೆ. ಜಾಗ ಹೆಚ್ಚಿದ್ದಕ್ಕೇ ಗಾಳಿ ಒಳಗೆ ಬರುತ್ತದೆ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ.

ನಾವು ಇದನ್ನು ಎದೆಗೂಡು ಎನ್ನುತ್ತೇವೆ. ಕೋಟೆಯ ಹಾಗೆ ಒಳಗಿನ ಹೃದಯವನ್ನು ಕಾಯುತ್ತದೆ ಎಂದು ಶಾಲೆಯ ಪುಸ್ತಕ ಹೇಳುತ್ತಿತ್ತು. ಕಾಯುವುದು ನಿಜವೇ. ಬರೀ ಕಾಯುವುದೊಂದೇ ಕೆಲಸವಾಗಿದ್ದರೆ ತಲೆಬುರುಡೆಯ ಹಾಗೆ ಸಂದಿಲ್ಲದ ಒಂದು ಗಟ್ಟಿ ಚಿಪ್ಪು ಸಾಕಿತ್ತು. ಇಲ್ಲಿ ಎಲುಬಿಗಿಂತ ಎಲುಬುಗಳ ನಡುವಿನ ಸಂದಿಗೆ ಕೆಲಸ ಜಾಸ್ತಿ ಎಂದು ನನಗೆ ಅನಿಸುತ್ತದೆ. ಆ ಸಂದಿಯಲ್ಲಿ ಸ್ನಾಯುಗಳಿವೆ. ಪ್ರತಿ ಎಲುಬಿನ ಕೆಳ ಅಂಚಿನಲ್ಲಿ ಒಂದು ಸಣ್ಣ ಕಾಲುವೆ ಇದೆ, ಅದರಲ್ಲಿ ರಕ್ತನಾಳ ಮತ್ತು ನರ ಸಾಗುತ್ತವೆ. ಎದೆಯಲ್ಲಿ ನೀರು ತುಂಬಿದವರಿಗೆ ಸೂಜಿ ಹಾಕುವ ವೈದ್ಯರು ಯಾವಾಗಲೂ ಎಲುಬಿನ ಮೇಲಂಚಿಗೆ ಒತ್ತಿ ಹಾಕುವುದು ಇದೇ ಕಾರಣಕ್ಕೆ.

ಆ ನರದ ದಾರಿಯನ್ನು ನಮ್ಮೂರಿನ ಜನ ಬೇರೊಂದು ಹೆಸರಲ್ಲಿ ಬಲ್ಲರು. ಸರ್ಪಸುತ್ತು. ಬೆನ್ನಿನಿಂದ ಹೊರಟು ಒಂದು ಬದಿಯ ಪಕ್ಕೆಯ ಮೇಲೆ ಪಟ್ಟಿಯ ಹಾಗೆ ಎದ್ದು ಬರುವ ಉರಿಗುಳ್ಳೆ. ಸಣ್ಣವರಿದ್ದಾಗ ಬಂದುಹೋದ ಚಿಕನ್‌ಪಾಕ್ಸಿನ ವೈರಸ್ ನರದ ಬುಡದಲ್ಲಿ ವರ್ಷಗಟ್ಟಲೆ ಅಡಗಿದ್ದು, ದೇಹ ಸೋತಾಗ ಅದೇ ನರ ಹಿಡಿದು ಹೊರಗೆ ಬರುತ್ತದೆ. ಸರ್ಪದ ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎಂದು ಹೆದರುವವರಿದ್ದಾರೆ. ಬಲಗಡೆಯ ನರ ಬಲಗಡೆಯದು, ಎಡಗಡೆಯದು ಎಡಗಡೆಯದು, ಎರಡೂ ಎದೆಯ ನಡುವೆ ಮುಗಿಯುತ್ತವೆ. ಅದಕ್ಕೇ ಗುಳ್ಳೆ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಉಳಿಯುತ್ತದೆ. ಹೆದರಿ ಕೂರುವ ಬದಲು ಬೇಗ ವೈದ್ಯರ ಹತ್ತಿರ ಹೋಗುವುದು ಒಳ್ಳೆಯದು, ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧಿ ಶುರುವಾದರೆ ಒಳ್ಳೆಯ ಗುಣ ಸಿಗುತ್ತದೆ.

ಪಕ್ಕೆಲುಬು ಎಲ್ಲಕ್ಕಿಂತ ಮೊದಲು ಹೇಳುವುದು ಹಸಿವನ್ನು.

"ಮಗುವಿನ ಪಕ್ಕೆ ಎಣಿಸುವ ಹಾಗೆ ಆಗಿದೆ" ಎಂದು ಅಜ್ಜಿ ಹೇಳಿದರೆ ಅಮ್ಮ ತಲೆ ತಗ್ಗಿಸುತ್ತಿದ್ದರು. ರಜೆಗೆ ಹೋದಾಗ ಅಜ್ಜಿ ನಮ್ಮ ಪಕ್ಕೆಯ ಮೇಲೆ ಬೆರಳಾಡಿಸಿ ನೋಡುವುದು ಕುಶಲ ವಿಚಾರಿಸಿದ ಹಾಗೆಯೇ ಇತ್ತು. ಬೇಸಿಗೆಯ ಕೊನೆಯಲ್ಲಿ ಹಟ್ಟಿಯ ದನಗಳನ್ನೂ ಅವರು ಹಾಗೆಯೇ ಮುಟ್ಟಿ ನೋಡುತ್ತಿದ್ದರು. ಒಣಹುಲ್ಲು ಮುಗಿಯುತ್ತಾ ಬಂದಾಗ, ಮಳೆ ಇನ್ನೂ ಬಾರದಿದ್ದಾಗ, ದನದ ಪಕ್ಕೆ ಒಂದೊಂದಾಗಿ ಎದ್ದು ಕಾಣುತ್ತದೆ. ಪಶುವೈದ್ಯರು ಕೂಡ ದನದ ಮೈಕಟ್ಟಿಗೆ ಅಂಕ ಕೊಡುವಾಗ ನೋಡುವ ಜಾಗಗಳಲ್ಲಿ ಪಕ್ಕೆಯೂ ಒಂದು.

1876ರಿಂದ 78ರವರೆಗೆ ಮೈಸೂರು, ಮದ್ರಾಸು, ಬೊಂಬಾಯಿ, ಹೈದರಾಬಾದು ಸೀಮೆಗಳನ್ನು ಹಿಂಡಿದ ಬರವನ್ನು ನಮ್ಮಲ್ಲಿ ಧಾತು ಈಶ್ವರ ಬರ ಎನ್ನುತ್ತಾರೆ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರು ಅದಕ್ಕೆ. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಮದ್ರಾಸು ಕಡೆಯಲ್ಲಿ ವಿಲೋಬಿ ಹೂಪರ್ ಎಂಬ ಸೇನಾಧಿಕಾರಿ ತೆಗೆದ ಫೋಟೋಗಳು ಈಗಲೂ ಉಳಿದಿವೆ. ಸಾಲಾಗಿ ಕೂರಿಸಿದ ಜನ. ಗಂಡಸರು, ಹೆಂಗಸರು, ಮಕ್ಕಳು. ಮುಖ ನೋಡುವ ಮೊದಲು ಕಣ್ಣು ಪಕ್ಕೆಲುಬಿಗೆ ಹೋಗುತ್ತದೆ. ನನಗೆ ಅವನ್ನು ಜಾಸ್ತಿ ಹೊತ್ತು ನೋಡಲು ಆಗಿಲ್ಲ. ಆ ಕಾಲದಲ್ಲೇ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಪರಿಹಾರದ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಮಣ್ಣು ಹೊತ್ತ ಗಂಡಸಿಗೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಮಾಡಿದ್ದು ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ. ಮೈಮುರಿದು ದುಡಿಯುವ ಒಬ್ಬನಿಗೆ ಅದು ಸಾಲದು ಎನ್ನಲು ವೈದ್ಯಶಾಸ್ತ್ರ ಓದಬೇಕಾಗಿರಲಿಲ್ಲ, ಎದುರಿಗೆ ನಿಂತವನ ಪಕ್ಕೆ ನೋಡಿದ್ದರೆ ಸಾಕಿತ್ತು.

ಇದಕ್ಕೆ ತೀರಾ ಬೇರೆಯಾದ ಇನ್ನೊಂದು ಎದೆ ಇದೆ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿರುವ ಗಾಂಧಾರ ಶೈಲಿಯ ಕಲ್ಲಿನ ಮೂರ್ತಿ, ಉಪವಾಸ ಕೂತ ಸಿದ್ಧಾರ್ಥ. ಹೊಟ್ಟೆ ಬೆನ್ನಿಗೆ ಹತ್ತಿದೆ. ಪ್ರತಿ ಪಕ್ಕೆಲುಬನ್ನೂ, ಅದರ ಮೇಲೆ ಹಾದುಹೋಗುವ ರಕ್ತನಾಳಗಳನ್ನೂ ಶಿಲ್ಪಿ ಬಿಡಿಸಿ ಕೆತ್ತಿದ್ದಾನೆ. ಆ ಉಪವಾಸದಿಂದ ದಾರಿ ಸಿಗದು ಎಂದು ತಿಳಿದು ಸಿದ್ಧಾರ್ಥ ಸುಜಾತೆ ಕೊಟ್ಟ ಪಾಯಸ ತೆಗೆದುಕೊಂಡ ಎನ್ನುವುದು ಮುಂದಿನ ಕತೆ. ಬಯಸಿ ಉಪವಾಸ ಕೂತವನಿಗೆ ಎದ್ದು ಉಣ್ಣುವ ದಾರಿ ಇತ್ತು. ಹೂಪರನ ಫೋಟೋದಲ್ಲಿರುವವರಿಗೆ ಇರಲಿಲ್ಲ.

ಮಕ್ಕಳ ಪಕ್ಕೆ ಹಸಿವಿನ ಜೊತೆ ಇನ್ನೂ ಕೆಲವನ್ನು ಹೇಳುತ್ತದೆ. ವಿಟಮಿನ್ ಡಿ ಸಾಲದೆ ಮೂಳೆ ಮೆತ್ತಗಾದ ಮಗುವಿಗೆ ಎಲುಬು ಮತ್ತು ಮೃದ್ವಸ್ಥಿ ಸೇರುವ ಕಡೆ ಒಂದೊಂದು ಗಂಟು ಏಳುತ್ತದೆ, ಬೆರಳಿಗೆ ಸರದ ಮಣಿಗಳಂತೆ ಸಿಗುತ್ತದೆ. ಅದಕ್ಕಿಂತ ಆತುರದ್ದು ನ್ಯುಮೋನಿಯಾ. ಆಶಾ ಕಾರ್ಯಕರ್ತೆಯರು ಮಗುವಿನ ಅಂಗಿ ಎತ್ತಿ ಒಂದು ಪೂರ್ತಿ ನಿಮಿಷ ಉಸಿರು ಎಣಿಸುವುದನ್ನು ನೀವು ನೋಡಿರಬಹುದು. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಬಂದರೆ ಅದು ವೇಗದ ಉಸಿರು. ಎಣಿಸುವಾಗ ಮಗು ಅಳುತ್ತಿರಬಾರದು. ಜೊತೆಗೆ ಕೆಳಪಕ್ಕೆಯನ್ನು ನೋಡುತ್ತಾರೆ. ಉಸಿರೆಳೆದಾಗ ಅದು ಹೊರಗೆ ಬರಬೇಕು. ಒಳಗೆ ಸೆಳೆದುಕೊಳ್ಳುತ್ತಿದ್ದರೆ ಮಗು ಉಸಿರಿಗೆ ಕಷ್ಟಪಡುತ್ತಿದೆ ಎಂದೇ ಅರ್ಥ, ಬೆಳಗಾಗಲಿ ಎಂದು ಕಾಯಬಾರದು. ಯಂತ್ರ ಬೇಡ, ವಿದ್ಯುತ್ ಬೇಡ, ಒಂದು ಗಡಿಯಾರ ಮತ್ತು ನೋಡುವ ಕಣ್ಣು ಸಾಕು. ಇಂಥ ಸರಳ ತಿಳಿವಳಿಕೆಯನ್ನು ಮನೆಮನೆಗೆ ಹೊತ್ತು ತಿರುಗುವ ಆ ಹೆಂಗಸರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಪ್ರಾಣಿಗಳ ಕಡೆ ತಿರುಗಿದರೆ ಪಕ್ಕೆಲುಬು ಎಂಥೆಂಥ ಕೆಲಸಕ್ಕೆ ಬಂದಿದೆ ಎಂದು ಬೆರಗಾಗುತ್ತದೆ. ಆಮೆಯ ಬೆನ್ನಿನ ಚಿಪ್ಪು ಬಹುಪಾಲು ಅದರ ಪಕ್ಕೆಲುಬು ಮತ್ತು ಬೆನ್ನೆಲುಬೇ, ಅಗಲವಾಗಿ ಬೆಳೆದು ಒಂದಕ್ಕೊಂದು ಬೆಸೆದುಕೊಂಡದ್ದು. ಬೆಸೆದುಕೊಂಡ ಮೇಲೆ ಅಲುಗುವಂತಿಲ್ಲ. ಹಾಗಾಗಿ ಆಮೆ ಹೊಟ್ಟೆಯ ಕಡೆಯ ಸ್ನಾಯುಗಳಿಂದ ಉಸಿರಾಡುವ ಬೇರೆಯೇ ದಾರಿ ಕಂಡುಕೊಳ್ಳಬೇಕಾಯಿತು. ಹೆಚ್ಚಿನ ಕಪ್ಪೆಗಳಿಗೆ ಪಕ್ಕೆಲುಬು ಇಲ್ಲವೆಂದೇ ಹೇಳಬೇಕು. ಅವು ಗಂಟಲನ್ನು ಉಬ್ಬಿಸಿ ತಗ್ಗಿಸಿ ಗಾಳಿಯನ್ನು ಒಳಗೆ ನೂಕುತ್ತವೆ, ಮಳೆಗಾಲದ ಗದ್ದೆಬದುವಿನಲ್ಲಿ ಕೂತ ಕಪ್ಪೆಯ ಗಂಟಲು ಸುಮ್ನೆ ಬಡಿದುಕೊಳ್ಳುವುದಲ್ಲ. ಹಾವಿಗೆ ನೂರಾರು ಜೋಡಿ ಇವೆ. ನಾಗರಹಾವು ಹೆಡೆ ಬಿಚ್ಚುವುದು ಕುತ್ತಿಗೆಯ ಉದ್ದನೆಯ ಪಕ್ಕೆಲುಬುಗಳನ್ನು ಅಗಲಿಸಿ. ನಾಗಬನದ ಕಲ್ಲಿನಲ್ಲಿ ನಾವು ಕೈಮುಗಿಯುವ ಆ ಹೆಡೆ ಪಕ್ಕೆಲುಬಿನದೇ ರೂಪ.

ನನಗೆ ಎಲ್ಲಕ್ಕಿಂತ ಪ್ರೀತಿ ಹಾರುವ ಓತಿಯ ಮೇಲೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅದಕ್ಕೆ ತಾಗಿದ ಅಡಿಕೆ ತೋಟ, ತೆಂಗಿನ ತೋಟಗಳಲ್ಲಿ ಇದು ಇದೆ. ತೊಗಟೆಯ ಬಣ್ಣವೇ ಅದರದ್ದು, ಆದ್ದರಿಂದ ಎದುರಿಗೇ ಇದ್ದರೂ ಕಾಣುವುದಿಲ್ಲ. ಗಂಡು ಗಂಟಲ ಕೆಳಗಿನ ಹಳದಿ ಚೀಲವನ್ನು ಚಾಚಿದಾಗ ಮಾತ್ರ ಗೊತ್ತಾಗುತ್ತದೆ. ಅದರ ಐದಾರು ಜೋಡಿ ಪಕ್ಕೆಲುಬು ಮೈಯಿಂದ ಹೊರಕ್ಕೆ ಉದ್ದವಾಗಿ ಬೆಳೆದಿವೆ, ಅವುಗಳ ಮೇಲೆ ತೆಳುವಾದ ಚರ್ಮ ಹರಡಿದೆ. ಮರ ಹತ್ತುವಾಗ ಮಡಚಿಟ್ಟುಕೊಳ್ಳುತ್ತದೆ. ಜಿಗಿಯುವಾಗ ಬಿಚ್ಚಿ, ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದರ ನಡುವಿಗೆ ತೇಲಿ ಬಂದು ಅಂಟಿಕೊಳ್ಳುತ್ತದೆ. ಹಕ್ಕಿಗೂ ಬಾವಲಿಗೂ ರೆಕ್ಕೆಯಾದದ್ದು ಕೈ. ಓತಿ ಕೈಯನ್ನು ಮರ ಹತ್ತಲು ಉಳಿಸಿಕೊಂಡು ಪಕ್ಕೆಯಿಂದಲೇ ರೆಕ್ಕೆ ಮಾಡಿಕೊಂಡಿತು. ಅಡಿಕೆ ತೋಟಕ್ಕೆ ಹೋದವರು ಒಂದರ್ಧ ಗಂಟೆ ತಲೆಯೆತ್ತಿ ನಿಲ್ಲಿ, ಅದೃಷ್ಟವಿದ್ದರೆ ಕಂಡೀತು.

ತೆಳುವಾದದ್ದನ್ನು ಕಡ್ಡಿ ಕೊಟ್ಟು ನಿಲ್ಲಿಸುವ ಈ ಉಪಾಯವನ್ನು ಮನುಷ್ಯನೂ ಕಲಿತಿದ್ದಾನೆ. ದೀಪಾವಳಿಯ ಗೂಡುದೀಪ ಕಟ್ಟಿದವರಿಗೆ ಗೊತ್ತು, ಬಣ್ಣದ ಕಾಗದಕ್ಕೆ ಸ್ವಂತ ಆಕಾರವಿಲ್ಲ, ಬಿದಿರ ಕಡ್ಡಿ ಕೊಟ್ಟದ್ದೇ ಆಕಾರ. ತೆಂಗಿನ ಗರಿಯ ಒಂದೊಂದು ಎಲೆಗೂ ನಡುವೆ ಒಂದು ಕಡ್ಡಿ ಇರುವುದರಿಂದಲೇ ಅದು ಗಾಳಿಗೆ ಬಗ್ಗಿ ಮತ್ತೆ ಏಳುತ್ತದೆ, ಎಲೆ ಸೀಳಿ ಆ ಕಡ್ಡಿ ಕಟ್ಟಿದರೆ ಅಂಗಳ ಗುಡಿಸುವ ಹಿಡಿಸೂಡಿ. ಕೊಡೆಯ ಕಡ್ಡಿ ಹಿಂದೆ ಬೆತ್ತದ್ದು ಅಥವಾ ತಿಮಿಂಗಿಲದ ಬಾಯಿಯಲ್ಲಿ ಸಿಗುವ ಬಳುಕುವ ಪಟ್ಟಿಗಳದ್ದು ಇರುತ್ತಿತ್ತು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ 1852ರಲ್ಲಿ ಉಕ್ಕಿನ ತಂತಿಯನ್ನು ಕಾಲುವೆಯ ಹಾಗೆ ಮಡಚಿ ಕಡ್ಡಿ ಮಾಡಿದ. ತೂಕ ಇಳಿಯಿತು, ಬಲ ಉಳಿಯಿತು. ನಮ್ಮ ಕಡೆ ಜೂನ್ ತಿಂಗಳಲ್ಲಿ ಪೇಟೆ ಬದಿಯಲ್ಲಿ ಕೂತು ಕೊಡೆ ರಿಪೇರಿ ಮಾಡುವವರ ಕೈ ಈಗಲೂ ಅದೇ ಕಾಲುವೆಯಂಥ ಕಡ್ಡಿಯನ್ನು ನೇರ ಮಾಡುತ್ತಿರುತ್ತದೆ.

ದೋಣಿಯ ವಿಷಯ ಇನ್ನೂ ಸ್ವಾರಸ್ಯದ್ದು. ಯುರೋಪಿನ ದೊಡ್ಡ ಮರದ ಹಡಗುಗಳಲ್ಲಿ ಮೊದಲು ಅಡಿಮರ, ಆಮೇಲೆ ಅದರಿಂದ ಎದ್ದ ಬಾಗಿದ ಪಕ್ಕೆಮರಗಳು, ಕೊನೆಗೆ ಅವುಗಳ ಮೇಲೆ ಹಲಗೆ. ಹಡಗು ಅಸ್ಥಿಪಂಜರವಾಗಿಯೇ ಹುಟ್ಟುತ್ತಿತ್ತು. ಕೇರಳದ ಕೋಝಿಕ್ಕೋಡಿನ ಹತ್ತಿರ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವವರ ಕ್ರಮ ತಿರುವುಮುರುವು. ಅಲ್ಲಿ ಅಡಿಮರದಿಂದ ಹಲಗೆಗೆ ಹಲಗೆ ಕೂಡಿಸುತ್ತಾ ಮೊದಲು ಹೊರಮೈ ಎಬ್ಬಿಸುತ್ತಾರೆ. ಮೈ ಎದ್ದಮೇಲೆ ಅದರ ಒಳಬಾಗಿಗೆ ಸರಿಯಾಗಿ ಪಕ್ಕೆಮರ ಕಡಿದು ಕೂರಿಸುತ್ತಾರೆ. ಕಾಗದದ ಮೇಲೆ ನಕ್ಷೆ ಇಲ್ಲದೆ, ಮೇಸ್ತ್ರಿಯ ತಲೆಯಲ್ಲಿದ್ದ ಅಳತೆಯಲ್ಲೇ ಈ ಕೆಲಸ ತಲೆಮಾರುಗಳಿಂದ ನಡೆದುಬಂದಿದೆ. ಅರಬ್ಬಿ ಕಡಲಿನ ಈಚೆ ದಡದಲ್ಲಿ ಹುಟ್ಟಿದ ಇಂಥ ಹಡಗುಗಳಲ್ಲೇ ಕಾಳುಮೆಣಸು ಆಚೆ ದಡ ಸೇರಿದ್ದು.

ಇಷ್ಟೆಲ್ಲ ಬರೆಯಲು ಕೂತಾಗ ಮನಸ್ಸಿನಲ್ಲಿದ್ದ ಇನ್ನೊಂದು ಮಾತು ಉಳಿದಿದೆ. ಪಕ್ಕೆಲುಬನ್ನು ನಾವೇ ಮುರಿಯಬೇಕಾಗಿ ಬರುವ ಒಂದು ಸಂದರ್ಭವಿದೆ.

ಸಿಪಿಆರ್, ಎಂದರೆ ಹೃದಯ ನಿಂತವರ ಎದೆ ಒತ್ತಿ ಬದುಕಿಸಲು ನೋಡುವ ಕ್ರಮ. ಅದರ ತರಬೇತಿಯಲ್ಲಿ ರಬ್ಬರ್ ಬೊಂಬೆಯ ಎದೆ ಒತ್ತುವಾಗ ಒಳಗಿನಿಂದ ಟಕ್ ಎಂದು ಸದ್ದು ಬರುತ್ತದೆ, ಆಳ ಸರಿಯಾಯಿತು ಎಂದು ತಿಳಿಸಲು. ನಿಜವಾದ ಮನುಷ್ಯನ ಎದೆಯಿಂದಲೂ ಸದ್ದು ಬರಬಹುದು ಎಂದು ನಮಗೆ ಕಲಿಸಿದವರು ಮೊದಲೇ ಹೇಳಿದರು. ಹೃದಯ ನಿಂತವರ ಎದೆಯ ನಡುವೆ, ಅಂಗೈಯ ಬುಡದಿಂದ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಹೃದಯಕ್ಕೆ ಮತ್ತೆ ರಕ್ತ ತುಂಬುವುದು ಆ ಹೊತ್ತಿನಲ್ಲೇ. ಅಷ್ಟು ಬಲವಾಗಿ ಒತ್ತಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಪಕ್ಕೆಲುಬು ಮುರಿಯುವುದು ಸಾಮಾನ್ಯ. ಕೈಯಡಿಯಲ್ಲಿ ಅದು ಮುರಿದದ್ದು ಗೊತ್ತಾದ ಕೂಡಲೇ ಬಹಳ ಜನ ಹೆದರಿ ಕೈ ತೆಗೆದುಬಿಡುತ್ತಾರಂತೆ.

ತೆಗೆಯಬಾರದು. ಯಾರಾದರೊಬ್ಬರಿಗೆ 108ಕ್ಕೆ ಫೋನ್ ಮಾಡಲು ಹೇಳಿ, ಕೈ ಸರಿಯಾದ ಜಾಗದಲ್ಲಿದೆಯೇ ನೋಡಿಕೊಂಡು, ಅದೇ ಆಳಕ್ಕೆ, ಅದೇ ವೇಗದಲ್ಲಿ ಒತ್ತುತ್ತಲೇ ಇರಬೇಕು. ಸುಸ್ತಾದರೆ ಎರಡು ನಿಮಿಷಕ್ಕೊಮ್ಮೆ ಪಕ್ಕದವರಿಗೆ ಜಾಗ ಬಿಟ್ಟುಕೊಡಬಹುದು. ಆಂಬುಲೆನ್ಸ್ ಬರುವವರೆಗೆ, ಅಥವಾ ಆ ಮನುಷ್ಯ ತಾನಾಗಿ ಉಸಿರಾಡುವವರೆಗೆ.